ನೇತ್ರಾಣಿಯ ಹವಳಕ್ಕೆ ಏಪ್ರಿಲ್–ಮೇ ಬಿಸಿ: ಏನನ್ನು ಅಳೆಯಬೇಕು, ಎಲ್ಲಿ ತಪ್ಪುತ್ತದೆ

ಕೋಡಿಬಾಗ_ಕಡಲು (ಕಾರವಾರ)

ಲಕ್ಷದ್ವೀಪದಲ್ಲಿ ಹವಳ ಬೆಳ್ಳಗಾದ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಏಳುವ ಪ್ರಶ್ನೆ ಒಂದೇ: ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳದ ಗತಿ ಏನು? ಚರ್ಚೆ ಮಾತ್ರ ನಾಲ್ಕಾರು ಫೋಟೋಗಳ ಸುತ್ತಲೇ ಸುತ್ತುತ್ತದೆ, ಅಳತೆಯ ಮಾತು ಬರುವುದೇ ಇಲ್ಲ. ಈ ಎಳೆಯಲ್ಲಿ ಅಳತೆಯ ವಿಚಾರವನ್ನೇ ಮಾತಾಡೋಣ.

ಬೆಳ್ಳಗಾಗುವುದು ಹೇಗೆ ಎಂಬುದು ಮೊದಲು ಸ್ಪಷ್ಟವಾಗಲಿ. ಹವಳದ ಪಾಲಿಪ್‌ನ (ಹವಳ ಕಟ್ಟುವ ಪುಟ್ಟ ಪ್ರಾಣಿಯ) ಅಂಗಾಂಶದೊಳಗೆ ಏಕಕೋಶದ ಪಾಚಿ ವಾಸವಾಗಿರುತ್ತದೆ. ಅದು ಬಿಸಿಲಿನಿಂದ ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಆಹಾರ. ಬೇಕಾದ ಶಕ್ತಿಯ ಶೇ. 90ರವರೆಗೂ ಅಲ್ಲಿಂದಲೇ ಬರಬಹುದು. ಹವಳದ ಬಣ್ಣವೂ ಬಹುಪಾಲು ಆ ಪಾಚಿಯದೇ. ನೀರು ಮಿತಿ ಮೀರಿ ಕಾದಾಗ ಪಾಚಿಯ ದ್ಯುತಿಸಂಶ್ಲೇಷಣೆ ಕೆಡುತ್ತದೆ, ಆದರೆ ಬೆಳಕು ಬೀಳುವುದು ನಿಲ್ಲುವುದಿಲ್ಲ. ಬಳಕೆಯಾಗದ ಆ ಶಕ್ತಿಯಿಂದ ಆಮ್ಲಜನಕದ ವಿಷಕಾರಿ ರೂಪಗಳು ಹುಟ್ಟಿ ಹವಳದ ಜೀವಕೋಶವನ್ನೇ ಸುಡತೊಡಗುತ್ತವೆ. ಹವಳ ಪಾಚಿಯನ್ನು ಹೊರಗೆ ತಳ್ಳುತ್ತದೆ. ಉಳಿಯುವುದು ಗಾಜಿನಂಥ ತೆಳು ಅಂಗಾಂಶ, ಅದರ ಹಿಂದೆ ಸುಣ್ಣದ ಬಿಳಿ ಅಸ್ಥಿ.

ಆದ್ದರಿಂದ ಬೆಳ್ಳಗಾದ ಹವಳ ಸತ್ತ ಹವಳವಲ್ಲ, ಉಪವಾಸ ಬಿದ್ದ ಹವಳ. ಕೆಲವೇ ವಾರಗಳಲ್ಲಿ ನೀರು ತಣ್ಣಗಾದರೆ ಉಳಿದ ಪಾಚಿ ಮತ್ತೆ ಹೆಚ್ಚಿ ಬಣ್ಣ ಮರಳುತ್ತದೆ. ತಡವಾದರೆ ಅಂಗಾಂಶ ಕಳಚಿ, ಬಿಳಿ ಅಸ್ಥಿಯ ಮೇಲೆ ಹಸಿರು-ಕಂದು ನೂಲುಪಾಚಿ ಹತ್ತುತ್ತದೆ. ಫೋಟೋದಲ್ಲಿ ಸಾವಿನ ಗುರುತು ಆ ನೂಲುಪಾಚಿ, ಬಿಳಿ ಬಣ್ಣವಲ್ಲ.

ಶಿರಸಿ_ಹೊಳೆ (ಶಿರಸಿ)

ಸರ್, "ಮಿತಿ ಮೀರಿ" ಅಂದರೆ ಎಷ್ಟು ಡಿಗ್ರಿ? 30 ದಾಟಿದರೆ ಅಪಾಯ ಅಂತ ಓದಿದ್ದೆ. ಆದರೆ ನಮ್ಮ ಕರಾವಳಿಯ ನೀರು ಮೇ ತಿಂಗಳಲ್ಲಿ ಹೇಗೂ 30ರ ಆಚೀಚೆ ಇರುತ್ತದಲ್ಲ?

ಕೋಡಿಬಾಗ_ಕಡಲು (ಕಾರವಾರ)

ಎಲ್ಲ ಕಡೆಗೂ ಅನ್ವಯಿಸುವ ಒಂದೇ ಅಂಕಿ ಇಲ್ಲ. ಪ್ರತಿ ಜಾಗದ ಹವಳ ಆ ಜಾಗದ ಬೇಸಿಗೆಗೆ ಒಗ್ಗಿಕೊಂಡಿರುತ್ತದೆ. ಹಾಗಾಗಿ ಲೆಕ್ಕ ಹೀಗೆ: ಹಲವು ವರ್ಷಗಳ ಸರಾಸರಿ ತೆಗೆದಾಗ ವರ್ಷದ ಅತಿ ಬಿಸಿ ತಿಂಗಳ ಉಷ್ಣತೆ ಎಷ್ಟೋ, ಅದಕ್ಕಿಂತ 1 ಡಿಗ್ರಿ ಮೇಲೆ ಹೋದರೆ ಒತ್ತಡ ಶುರು. ಬಿಸಿ ಎಷ್ಟು ದಿನ ನಿಂತಿತು ಎಂಬುದೂ ಅಷ್ಟೇ ಮುಖ್ಯ. ಅದಕ್ಕಾಗಿಯೇ "ಡಿಗ್ರಿ-ವಾರ"ದ ಲೆಕ್ಕ ಇರುವುದು: ಹಿಂದಿನ 12 ವಾರಗಳಲ್ಲಿ ಆ ಸರಾಸರಿಗಿಂತ 1 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಮೀರಿದ ವಾರಗಳ ಹೆಚ್ಚಳವನ್ನೆಲ್ಲ ಕೂಡಿಸುವುದು.

ಲೆಕ್ಕ ತೋರಿಸಲು ಒಂದು ಉದಾಹರಣೆ, ಅಂಕಿಗಳು ಕಲ್ಪಿತ. ಅತಿ ಬಿಸಿ ತಿಂಗಳ ಸರಾಸರಿ 29.5 ಎಂದಿಟ್ಟುಕೊಳ್ಳಿ. ನಾಲ್ಕು ವಾರದ ಸರಾಸರಿ ಕ್ರಮವಾಗಿ 30.6, 31.0, 30.3, 30.9. ಹೆಚ್ಚಳ 1.1, 1.5, 0.8, 1.4. ಮೂರನೆಯ ವಾರ 1 ಡಿಗ್ರಿಗಿಂತ ಕಡಿಮೆ, ಅದನ್ನು ಬಿಡಬೇಕು. ಉಳಿದ ಮೂರನ್ನು ಕೂಡಿಸಿದರೆ 4.0 ಡಿಗ್ರಿ-ವಾರ.

4 ಮುಟ್ಟಿದರೆ ಹವಳ ಗಣನೀಯವಾಗಿ ಬೆಳ್ಳಗಾಗುವ ನಿರೀಕ್ಷೆ; 8 ಮುಟ್ಟಿದರೆ ವ್ಯಾಪಕವಾಗಿ ಬೆಳ್ಳಗಾಗಿ ಸಾವೂ ಶುರು. ಅಮೆರಿಕದ ಸಾಗರ-ವಾಯುಮಂಡಲ ಸಂಸ್ಥೆ ಎನ್‌ಒಎಎಯ ಎಚ್ಚರಿಕೆಯ ಮಟ್ಟಗಳು ಬಹುಕಾಲ ಅಲ್ಲಿಗೇ ಮುಗಿಯುತ್ತಿದ್ದವು. 2023ರ ಬಿಸಿ ಎಷ್ಟು ವಿಪರೀತವಾಯಿತೆಂದರೆ 12, 16, 20 ಡಿಗ್ರಿ-ವಾರಗಳಿಗೆಂದು ಇನ್ನೂ ಮೂರು ಮಟ್ಟ ಸೇರಿಸಬೇಕಾಯಿತು. ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

ದೇವಗಡ_ದೀಪ (ಕಾರವಾರ)

ಹಿನ್ನೆಲೆಗೆ ನನ್ನದೂ ಎರಡು ಸಾಲು. ಜಗತ್ತಿನಾದ್ಯಂತ ಹವಳ ಒಟ್ಟಿಗೇ ಬೆಳ್ಳಗಾದ ಸಂದರ್ಭಗಳು 1998, 2010, 2014–17. ನಾಲ್ಕನೆಯದನ್ನು 2024ರ ಏಪ್ರಿಲ್ 15ರಂದು ಘೋಷಿಸಿದರು. ಲಕ್ಷದ್ವೀಪಕ್ಕೆ 1998, 2010, 2016, 2024 ಎಲ್ಲವೂ ತಟ್ಟಿದವು. ಅಗತ್ತಿ, ಕಡಮತ್, ಕವರತ್ತಿಗಳ ದೀರ್ಘ ಅಧ್ಯಯನದ ಪ್ರಕಾರ 24 ವರ್ಷಗಳಲ್ಲಿ ಜೀವಂತ ಹವಳದ ಹೊದಿಕೆ ಶೇ. 37ರ ಸುಮಾರಿನಿಂದ ಶೇ. 19ರ ಸುಮಾರಿಗೆ ಇಳಿದಿದೆ.

ಒಂದೊಂದು ಪೆಟ್ಟಿಗಿಂತ ಹೆಚ್ಚು ಭಯ ಹುಟ್ಟಿಸುವುದು ಎರಡು ಪೆಟ್ಟುಗಳ ನಡುವಿನ ಅಂತರ. ಕೊಂಬೆಯಾಕಾರದ ಅಕ್ರೋಪೋರ ವರ್ಷಕ್ಕೆ 10 ಸೆಂ.ಮೀ. ಆಸುಪಾಸು ಬೆಳೆದು ಬೇಗ ಜಾಗ ತುಂಬುತ್ತದೆ, ಆದರೆ ಬಿಸಿಗೆ ಮೊದಲು ಸಾಯುವುದೂ ಅದೇ. ಗುಂಡುಕಲ್ಲಿನಂತೆ ಬೆಳೆಯುವ ಪೊರೈಟಿಸ್ ತಾಳಿಕೊಳ್ಳುತ್ತದೆ, ಆದರೆ ವರ್ಷಕ್ಕೆ ಬೆಳೆಯುವುದು ಸುಮಾರು 1 ಸೆಂ.ಮೀ. ಮಾತ್ರ. ಒಂದು ಮೀಟರ್ ಎತ್ತರದ ಗುಂಡು ಸತ್ತರೆ ಅಷ್ಟೇ ಎತ್ತರದ್ದು ಮತ್ತೆ ಬೆಳೆಯಲು ನೂರು ವರ್ಷದ ಸುಮಾರು ಬೇಕು.

ಭಟ್ಕಳ_ದೋಣಿ (ಮುರ್ಡೇಶ್ವರ)

ಅಣ್ಣ, ಲಕ್ಷದ್ವೀಪದ ಲೆಕ್ಕ ನೇತ್ರಾಣಿಗೆ ಹಾಗೇ ಹೊಂದುತ್ತದಾ? ಅಲ್ಲಿ ಬಿಳಿ ಮರಳು, ತಿಳಿನೀರು. ಇಲ್ಲಿ ಜೂನ್ ಬಂತೆಂದರೆ ನೀರೆಲ್ಲ ಕಲಕು.

ಕೋಡಿಬಾಗ_ಕಡಲು (ಕಾರವಾರ)

ಹೊಂದುವುದಿಲ್ಲ, ಇದನ್ನು ಕೇಳಿದ್ದು ಒಳ್ಳೆಯದಾಯಿತು.

ಲಕ್ಷದ್ವೀಪದಲ್ಲಿ ನೆಲವನ್ನೇ ಹವಳ ಕಟ್ಟಿದೆ. ಮುರ್ಡೇಶ್ವರದಿಂದ 10 ನಾಟಿಕಲ್ ಮೈಲಿಯಷ್ಟು ದೂರದ ನೇತ್ರಾಣಿ ಕಲ್ಲಿನ ದ್ವೀಪ. ಅದರ ಬುಡದ ಬಂಡೆಗಳ ಮೇಲೆ ಹವಳ ಹತ್ತಿ ಬೆಳೆದಿದೆ ಅಷ್ಟೇ. ನಮ್ಮ ಕರಾವಳಿಯಲ್ಲಿ ಹವಳ ದೊಡ್ಡ ದಿಬ್ಬ ಕಟ್ಟದಿರಲು ಮಳೆಗಾಲವೇ ದೊಡ್ಡ ಕಾರಣ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ತರುವ ಸಿಹಿನೀರು, ಕೆಸರು, ಅದರ ಮೇಲೆ ಅಲೆಗಳ ಹೊಡೆತ. ಕಾಳಿ ಅಳಿವೆಯ ಎದುರಿನ ಕೂರ್ಮಗಡ, ದೇವಗಡಗಳು ತೀರಕ್ಕೆ ಹತ್ತಿರ, ಅಲ್ಲಿ ಈ ಒತ್ತಡ ಇನ್ನೂ ಹೆಚ್ಚು. ನೇತ್ರಾಣಿ ದೂರ ಇರುವುದರಿಂದಲೇ ಅಲ್ಲಿನ ಹವಳ ಇಷ್ಟಾದರೂ ಬೆಳೆದಿದೆ.

ಬಿಸಿಯ ಕ್ಯಾಲೆಂಡರ್ ಕೂಡ ಬೇರೆ. ನಮ್ಮಲ್ಲಿ ನೀರು ಫೆಬ್ರವರಿಯಿಂದ ಕಾಯುತ್ತ ಹೋಗಿ ಏಪ್ರಿಲ್–ಮೇನಲ್ಲಿ ತುದಿ ಮುಟ್ಟುತ್ತದೆ. ಗಾಳಿ ಕಡಿಮೆ, ಮೋಡ ಕಡಿಮೆ, ನೀರು ತಿಳಿ; ಬಿಸಿಯೂ ಬೆಳಕೂ ಒಟ್ಟಿಗೇ ಹವಳದ ಮೇಲೆ ಬೀಳುವುದು ಆಗಲೇ. ಜೂನ್ ಮೊದಲ ವಾರ ಮುಂಗಾರು ಬಂದರೆ ಮೋಡ ಮುಚ್ಚಿ, ಗಾಳಿ ಬೀಸಿ, ನೀರು ಕಲಸಿ ಉಷ್ಣತೆ ಇಳಿಯುತ್ತದೆ. ಮುಂದೆ ತೀರದುದ್ದಕ್ಕೂ ಆಳದ ತಣ್ಣೀರು ಮೇಲೇರುತ್ತದೆ. ಅಂದರೆ ನೇತ್ರಾಣಿಯ ಹವಳಕ್ಕೆ ಮುಂಗಾರೇ ಬಿಡುಗಡೆ. ಹಾಗಾಗಿ ಮುಂಗಾರು ಹತ್ತು-ಹದಿನೈದು ದಿನ ತಡವಾದರೆ ಅದು ರೈತರ ಚಿಂತೆ ಮಾತ್ರವಲ್ಲ. ಡಿಗ್ರಿ-ವಾರದ ಲೆಕ್ಕಕ್ಕೆ ನೇರವಾಗಿ ಎರಡು ವಾರ ಕೂಡಿದಂತೆ.

ಆ ಬಿಡುಗಡೆಗೂ ಬೆಲೆ ಇದೆ. ಮೇಲೇರಿ ಬರುವ ನೀರಿನಲ್ಲಿ ಆಮ್ಲಜನಕ ಕಡಿಮೆ, ಪೋಷಕಾಂಶ ಹೆಚ್ಚು. ಬೇಸಿಗೆಯಲ್ಲಿ ಸೊರಗಿದ ಹವಳದ ಮೇಲೆ ಪಾಚಿ ಹತ್ತುವುದಕ್ಕೆ ಅದೇ ಸುಗ್ಗಿ.

ಶಿರಸಿ_ಹೊಳೆ (ಶಿರಸಿ)

ಇಲ್ಲಿ ಘಟ್ಟದ ಮೇಲೆ ಗುಡ್ಡ ಅಗೆದ ಮಣ್ಣು ಅಘನಾಶಿನಿಗೆ, ಬೇಡ್ತಿಗೆ ಇಳಿಯುವುದನ್ನು ಎಲ್ಲರೂ ನೋಡುತ್ತೇವೆ. ಅದಕ್ಕೂ ಹವಳಕ್ಕೂ ಸಂಬಂಧ ಉಂಟಾ, ಅಥವಾ ಬಿಸಿಯ ಎದುರು ಅದು ಲೆಕ್ಕಕ್ಕಿಲ್ಲದ್ದಾ?

ದೇವಗಡ_ದೀಪ (ಕಾರವಾರ)

ಸಂಬಂಧ ಇದೆ. ಹೂಳು ಮೈಮೇಲೆ ಕೂತರೆ ಹವಳ ಲೋಳೆ ಸುರಿಸಿ ಅದನ್ನು ಜಾರಿಸುತ್ತದೆ, ಆ ಲೋಳೆಗೆ ಶಕ್ತಿ ಖರ್ಚು. ಮರಿ ಹವಳಕ್ಕೆ ಕಚ್ಚಿಕೊಳ್ಳಲು ಗಟ್ಟಿ, ಶುದ್ಧ ಬಂಡೆ ಬೇಕು. ಹೂಳಿನ ಪದರದ ಮೇಲೆ ಅದು ನಿಲ್ಲುವುದಿಲ್ಲ. ಹೀಗಾಗಿ ಬೆಳ್ಳಗಾದ ಮೇಲಿನ ಚೇತರಿಕೆಗೆ ಹೂಳು ಅಡ್ಡಗಾಲು. ಇನ್ನೊಂದು ಕಡೆ, ಸ್ವಲ್ಪ ಕಲಕು ನೀರು ಬೆಳಕನ್ನು ತಡೆದು ಬಿಸಿಯ ದಿನಗಳಲ್ಲಿ ನೆರಳಿನ ಕೆಲಸವನ್ನೂ ಮಾಡುತ್ತದೆ. ಆದರೆ ನಮ್ಮಲ್ಲಿ ಕಲಕು ಬರುವುದು ಬಿಸಿ ಇಳಿದ ಮೇಲೆ, ಆದ್ದರಿಂದ ಆ ಲಾಭ ನಮಗೆ ಕಡಿಮೆ.

ಅಳಿವೆ_ಹೊನ್ನಾವರ (ಹೊನ್ನಾವರ)

ಉಪಗ್ರಹದ ಅಂಕಿಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ನೀರಿಗಿಳಿದು ಅಳೆಯಲೇಬೇಕೆ? ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್ಕಾಯಿಸ್ ಕೂಡ ಹವಳದ ಎಚ್ಚರಿಕೆ ಕೊಡುತ್ತದಲ್ಲ?

ಕೋಡಿಬಾಗ_ಕಡಲು (ಕಾರವಾರ)

ಎರಡೂ ಬೇಕು ಮೇಡಂ. ಇನ್ಕಾಯಿಸ್ ಎಚ್ಚರಿಕೆ ರೂಪುಗೊಂಡದ್ದು ಅಂಡಮಾನ್, ನಿಕೋಬಾರ್, ಲಕ್ಷದ್ವೀಪ, ಕಚ್ಛ್ ಕೊಲ್ಲಿ, ಮನ್ನಾರ್ ಕೊಲ್ಲಿಗಳಿಗಾಗಿ. ಎನ್‌ಒಎಎ ನಕ್ಷೆ 5 ಕಿ.ಮೀ. ಚೌಕಗಳದ್ದು, ಸುಮಾರು 14.0 ಉತ್ತರ, 74.3 ಪೂರ್ವದ ಚೌಕವನ್ನು ನೋಡಿದರೆ ನೇತ್ರಾಣಿಯ ಸುತ್ತಿನ ಸ್ಥಿತಿ ತಿಳಿಯುತ್ತದೆ. ಏಪ್ರಿಲ್ 1ರಿಂದ ವಾರಕ್ಕೊಮ್ಮೆಯಾದರೂ ನೋಡುವುದು ಒಳ್ಳೆಯದು.

ಆದರೆ ಉಪಗ್ರಹಕ್ಕೆ ಕಾಣುವುದು ನೀರಿನ ಮೇಲ್ಪದರ ಮಾತ್ರ. ಹವಳ ಇರುವುದು 5–15 ಮೀಟರ್ ಕೆಳಗೆ. ಮೇಲೆ 31 ಇದ್ದಾಗ ಅಲ್ಲಿಯೂ 31 ಇದೆಯೇ, ಆಳದಲ್ಲಿ ತಣ್ಣೀರಿನ ಪದರ ನುಗ್ಗಿದೆಯೇ ಎಂಬುದು ಕೆಳಗೆ ಲಾಗರ್ (ಉಷ್ಣತೆಯನ್ನು ತಾನೇ ಅಳೆದು ದಾಖಲಿಸುವ ಪುಟ್ಟ ಉಪಕರಣ) ಇಟ್ಟರೆ ಮಾತ್ರ ಗೊತ್ತಾಗುತ್ತದೆ. ಮುಂಗಾರಿನ ಮೋಡದಡಿ ಅವಗೆಂಪು (ಇನ್‌ಫ್ರಾರೆಡ್) ಅಳತೆ ಸಿಗುವುದಿಲ್ಲ. ಮೋಡ ದಾಟುವ ಮೈಕ್ರೋವೇವ್ ಅಳತೆ ಒರಟು, ನೆಲದ ಹತ್ತಿರ ಕೈಕೊಡುತ್ತದೆ.

ಡೈವ್ ಕಂಪ್ಯೂಟರ್ ತೋರಿಸುವ ಉಷ್ಣತೆಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಒಂದೆರಡು ಡಿಗ್ರಿ ಆಚೀಚೆ ತೋರಿಸಬಹುದು, ನಾವು ಹುಡುಕುತ್ತಿರುವುದು ಒಂದೇ ಡಿಗ್ರಿಯ ವ್ಯತ್ಯಾಸ.

ಭಟ್ಕಳ_ದೋಣಿ (ಮುರ್ಡೇಶ್ವರ)

ಹಾಗಾದರೆ ಲಾಗರ್ ಇಡುವ ಕ್ರಮ ಬಿಡಿಸಿ ಬರೆಯಿರಿ. ದೋಣಿ, ಡೈವಿಂಗ್ ಜನ ಇಲ್ಲೇ ಸಿಗುತ್ತಾರೆ.

ಕೋಡಿಬಾಗ_ಕಡಲು (ಕಾರವಾರ)

ಮೊದಲು ಅನುಮತಿ. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ತುಂಡು ಕೀಳುವುದಿರಲಿ, ಸತ್ತ ತುಂಡನ್ನು ಮನೆಗೆ ತರುವುದೂ ಅಪರಾಧ. ಮೇಲಾಗಿ ನೇತ್ರಾಣಿ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ. ಅರಣ್ಯ ಇಲಾಖೆ, ಜಿಲ್ಲಾಡಳಿತಗಳಿಗೆ ಬರೆದು ಲಿಖಿತ ಒಪ್ಪಿಗೆ ಪಡೆದೇ ಮುಂದುವರಿಯಬೇಕು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಅಲ್ಲಿನವರನ್ನು ಜೊತೆಗೆ ಸೇರಿಸಿಕೊಂಡರೆ ಅಂಕಿಗೂ ಬೆಲೆ ಬರುತ್ತದೆ.

ಲಾಗರ್‌ನ ನಿಖರತೆ 0.2 ಡಿಗ್ರಿ ಅಥವಾ ಅದಕ್ಕಿಂತ ಒಳ್ಳೆಯದಿರಲಿ. ಇಡುವ ಮುನ್ನ ಪರೀಕ್ಷೆ ಹೀಗೆ: ಥರ್ಮಾಸ್ ತುಂಬ ಪುಡಿ ಐಸ್, ಅದು ಒದ್ದೆಯಾಗುವಷ್ಟೇ ಸಿಹಿನೀರು, ಲಾಗರ್ ನಡುವೆ ಹೂತು ಒಂದು ತಾಸು ಬಿಡುವುದು. ನಡುನಡುವೆ ಅಲ್ಲಾಡಿಸಬೇಕು. 0 ತೋರಿಸಬೇಕು. 0.3 ತೋರಿಸಿದರೆ ಆ 0.3 ಅನ್ನು ಬರೆದಿಟ್ಟು ಮುಂದೆ ಎಲ್ಲ ಅಂಕಿಯಿಂದ ಕಳೆಯಬೇಕು. ಹೊರತೆಗೆದ ಮೇಲೂ ಇದೇ ಪರೀಕ್ಷೆ ಮಾಡಿ. ಎರಡು ಸಲದ ಫಲ ಬೇರೆ ಬಂದರೆ ಸೆನ್ಸರ್ ಜಾರಿದೆ ಎಂದರ್ಥ. ನೀರು ಹೆಚ್ಚು, ಐಸ್ ಕಡಿಮೆ ಹಾಕಿದರೆ ತಳದ ನೀರು 3–4 ಡಿಗ್ರಿಯಲ್ಲೇ ನಿಂತು ಒಳ್ಳೆಯ ಲಾಗರ್ ಕೂಡ ಕೆಟ್ಟಂತೆ ಕಾಣುತ್ತದೆ.

30 ನಿಮಿಷಕ್ಕೊಂದು ಅಳತೆ ಸಾಕು. ದಿನಕ್ಕೆ 48, ಆರು ತಿಂಗಳಿಗೆ 8,640. ಗಡಿಯಾರವನ್ನು ಭಾರತೀಯ ಕಾಲಮಾನಕ್ಕೇ ಹೊಂದಿಸಿ, ಅದನ್ನು ಕಡತದ ಹೆಸರಿನಲ್ಲೂ ಬರೆಯಿರಿ. ಗ್ರೀನಿಚ್ ಕಾಲಕ್ಕೆ ಹೊಂದಿಸಿದ ಲಾಗರ್ ಜೊತೆ ಬೆರೆತರೆ ಐದೂವರೆ ತಾಸು ಸರಿದು ಹಗಲು-ರಾತ್ರಿಯ ಸರಾಸರಿಯೇ ಹಾಳು.

5 ಮೀಟರ್ ಆಳದಲ್ಲಿ ಎರಡು, 12 ಮೀಟರ್‌ನಲ್ಲಿ ಎರಡು ಇಡಿ. ಪ್ರತಿ ಆಳಕ್ಕೆ ಜೋಡಿ ಯಾಕೆಂದರೆ ಒಂದು ಕಳೆದರೂ ಸರಣಿ ಕಡಿಯಬಾರದು. ಮೇಲಿನ ಜೋಡಿಗೆ ತೂತು ಕೊರೆದ ಬಿಳಿ ಪಿವಿಸಿ ಪೈಪಿನ ತುಂಡನ್ನು ಹೊದಿಸಿ. ಇಲ್ಲದಿದ್ದರೆ ನೇರ ಬಿಸಿಲಿಗೆ ಲಾಗರ್‌ನ ಮೈಯೇ ಕಾದು ಮಧ್ಯಾಹ್ನದ ಅಂಕಿ ಸುಳ್ಳು ಹೇಳುತ್ತದೆ. ತೂತು ಕಡಿಮೆಯಾದರೂ ಪೈಪಿನೊಳಗೆ ನೀರು ನಿಂತು ಅದೇ ಕತೆ.

ಕಟ್ಟುವುದು ಬರಿ ಬಂಡೆಯ ಸಂದಿಗೆ, ಜೀವಂತ ಹವಳಕ್ಕೆ ಎಂದಿಗೂ ಅಲ್ಲ. ಮಾಮೂಲಿ ಕಬ್ಬಿಣದ ಸರಳು ತುಕ್ಕಿಗೆ ಬಲಿ, 316 ದರ್ಜೆಯ ಸ್ಟೇನ್‌ಲೆಸ್ ಸರಳನ್ನು ನೀರಡಿ ಗಟ್ಟಿಯಾಗುವ ಎಪಾಕ್ಸಿಯಲ್ಲಿ ಕೂರಿಸಿ. ಕೇಬಲ್ ಟೈ ಒಂದಲ್ಲ, ಮೂರು. ಬಲೆ ಸಿಕ್ಕಿಕೊಳ್ಳದಂತೆ ಸರಳಿನ ತಲೆ ಬಂಡೆಯ ಮಟ್ಟಕ್ಕಿಂತ ಕೆಳಗಿರಲಿ.

ಅಕ್ಟೋಬರ್‌ನಲ್ಲಿ ಇಟ್ಟು ಜನವರಿಯಲ್ಲಿ ಒಮ್ಮೆ ಬಾರ್ನಕಲ್ (ಅಂಟಿಕೊಂಡ ಚಿಪ್ಪುಜೀವಿ) ಕೆರೆದು ತೆಗೆಯಿರಿ. ಮೇ ಕೊನೆಗೆ ಪ್ರತಿ ಜೋಡಿಯಿಂದ ಒಂದನ್ನು ಮೇಲೆ ತನ್ನಿ, ಇನ್ನೊಂದು ಮಳೆಗಾಲ ಪೂರ್ತಿ ಅಲ್ಲೇ ಇರಲಿ. ಅದು ಅಲೆಗೆ ಹೋಗುವ ಸಾಧ್ಯತೆ ಇದ್ದೇ ಇದೆ. ಆದರೆ ಜೂನ್‌ನಲ್ಲಿ ನೀರು ಯಾವ ದಿನ ತಣಿಯಿತು ಎಂಬುದಕ್ಕೆ ಅದೊಂದೇ ಸಾಕ್ಷಿ, ಆ ಸಾಕ್ಷಿಗಾಗಿ ಒಂದು ಲಾಗರ್ ಕಳೆದರೂ ಸರಿ ಎಂಬುದು ನನ್ನ ಅಭಿಪ್ರಾಯ.

ದೇವಗಡ_ದೀಪ (ಕಾರವಾರ)

ಇದಕ್ಕೊಂದು ಎಚ್ಚರಿಕೆ ಸೇರಿಸುತ್ತೇನೆ, ಎಷ್ಟೋ ಜನ ಎಡವುವ ಜಾಗ ಇದು. ನಿಮ್ಮ ಲಾಗರ್‌ನ ಅಂಕಿಯಿಂದ ಉಪಗ್ರಹದ ಅತಿ ಬಿಸಿ ತಿಂಗಳ ಸರಾಸರಿಯನ್ನು ನೇರವಾಗಿ ಕಳೆಯಬೇಡಿ. ಎನ್‌ಒಎಎ ಲೆಕ್ಕ ರಾತ್ರಿಯ ಮೇಲ್ಮೈ ಉಷ್ಣತೆಯದ್ದು, ನಿಮ್ಮದು ಹಗಲು-ರಾತ್ರಿ ಸೇರಿದ ಆಳದ್ದು. ಒಂದೇ ದಿನಗಳ ಎರಡೂ ಸರಣಿಗಳನ್ನು ಪಕ್ಕಪಕ್ಕ ಇಟ್ಟು, ರಾತ್ರಿಯ ಅಂಕಿಗಳನ್ನಷ್ಟೇ ಹೋಲಿಸಿ, ಸರಾಸರಿ ವ್ಯತ್ಯಾಸ ಎಷ್ಟೆಂದು ನೋಡಿ. ಅದನ್ನು ಸರಿಪಡಿಸಿಕೊಂಡ ಮೇಲೆಯೇ ಡಿಗ್ರಿ-ವಾರದ ಲೆಕ್ಕ. ಅರ್ಧ ಡಿಗ್ರಿಯ ವ್ಯತ್ಯಾಸ ಗಮನಿಸದೆ ಹೋದರೆ ಇಲ್ಲದ ಬಿಸಿ ಕಂಡೀತು, ಅಥವಾ ಇದ್ದದ್ದು ಮುಚ್ಚಿಹೋದೀತು.

ಅಳಿವೆ_ಹೊನ್ನಾವರ (ಹೊನ್ನಾವರ)

ಉಷ್ಣತೆ ಆಯಿತು. ಹವಳದ ಬಣ್ಣವನ್ನು ಹೇಗೆ ದಾಖಲಿಸುವುದು? ನೀರಡಿಯ ಫೋಟೋದಲ್ಲಿ ಎಲ್ಲವೂ ನೀಲಿ-ಹಸಿರು, ಯಾವುದು ಬಿಳಿಚಿದ್ದು ಎಂದು ಹೇಳುವುದೇ ಕಷ್ಟ.

ದೇವಗಡ_ದೀಪ (ಕಾರವಾರ)

ಅದಕ್ಕೆ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರ ಹವಳ ಆರೋಗ್ಯ ಪಟ್ಟಿ ಇದೆ. ನಾಲ್ಕು ಬಣ್ಣ, ಒಂದೊಂದಕ್ಕೂ ತೆಳುವಿನಿಂದ ಗಾಢದವರೆಗೆ 1ರಿಂದ 6 ಅಂಕ. ಒಂದು ಹವಳದ ಅತಿ ತೆಳು ಜಾಗಕ್ಕೊಂದು, ಅತಿ ಗಾಢ ಜಾಗಕ್ಕೊಂದು ಅಂಕ ಬರೆಯಬೇಕು. ಕೊಂಬೆ ಹವಳದ ತುದಿಯನ್ನು ಅಳೆಯಬೇಡಿ, ಬೆಳೆಯುವ ತುದಿ ಸಹಜವಾಗಿಯೇ ಬಿಳಿ. ಪಟ್ಟಿಯನ್ನು ಹವಳದ ಪಕ್ಕದಲ್ಲೇ ಹಿಡಿಯಿರಿ. ಎರಡರ ಮೇಲೂ ಒಂದೇ ಬೆಳಕು ಬೀಳಬೇಕು, ನಿಮ್ಮ ನೆರಳು ಒಂದರ ಮೇಲೆ ಮಾತ್ರ ಬೀಳಬಾರದು. ಅದೇ ಹವಳದಲ್ಲಿ ಎರಡು ಅಂಕದ ಇಳಿಕೆ ಕಂಡರೆ ಗಂಭೀರವಾಗಿ ತೆಗೆದುಕೊಳ್ಳಿ.

ಬೇಸಿಗೆಯಲ್ಲಿ ಆರೋಗ್ಯವಂತ ಹವಳದಲ್ಲೂ ಪಾಚಿ ತುಸು ಕಡಿಮೆಯಾಗುತ್ತದೆ. ಹಾಗಾಗಿ ಮೇ ತಿಂಗಳ ಅಂಕಕ್ಕೆ ಅದೇ ಹವಳದ ನವೆಂಬರ್–ಜನವರಿಯ ಅಂಕ ಜೊತೆಗಿದ್ದರೆ ಮಾತ್ರ ಅರ್ಥ. ಚಳಿಗಾಲದಲ್ಲಿ ದಾಖಲಿಸದೆ ಮೇನಲ್ಲಿ ಓಡಿಹೋಗಿ ಅಳೆದದ್ದರಿಂದ ಏನೂ ತಿಳಿಯುವುದಿಲ್ಲ.

ಹೊದಿಕೆಯ ಅಂದಾಜಿಗೆ 20 ಮೀಟರ್ ಟೇಪ್ ಎಳೆದು, ಪ್ರತಿ ಮೀಟರ್‌ಗೊಂದು 50×50 ಸೆಂ.ಮೀ. ಚೌಕದ ಫೋಟೋ: 20 ಚೌಕ, 5 ಚದರ ಮೀಟರ್. ಚೌಕವನ್ನು ಪಿವಿಸಿ ಪೈಪಿನಿಂದ ಮಾಡುವಾಗ ನೀರು ತುಂಬಲು ತೂತು ಕೊರೆಯಿರಿ, ಇಲ್ಲದಿದ್ದರೆ ಅದು ತೇಲಿ ಹೋಗುತ್ತದೆ. ಕ್ಯಾಮೆರಾ ಪ್ರತಿ ಸಲ ಒಂದೇ ಎತ್ತರದಲ್ಲಿರಲಿ, ಆಯಾ ಆಳದಲ್ಲೇ ಬಿಳಿ ಸ್ಲೇಟಿಗೆ ವೈಟ್ ಬ್ಯಾಲೆನ್ಸ್ ಹೊಂದಿಸಿ. ಎಣಿಸುವಾಗ ಮಂಕು, ಅರೆಬಿಳಿ, ಪೂರ್ತಿ ಬಿಳಿ, ಹೊಸ ಸಾವು, ಹಳೆ ಸಾವು ಎಂದು ಬೇರೆಬೇರೆ ಬರೆಯಿರಿ. ಎಲ್ಲವನ್ನೂ "ಬಿಳಿಚಿದ್ದು" ಎಂಬ ಒಂದೇ ಚೀಲಕ್ಕೆ ತುಂಬಿದರೆ ಎರಡು ತಿಂಗಳ ನಂತರ ಯಾವುದು ಚೇತರಿಸಿತು, ಯಾವುದು ಸತ್ತಿತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಬಿಳಿ ಕಂಡದ್ದೆಲ್ಲ ಬಿಸಿಯದಲ್ಲ. ಲಂಗರಿನ ಗೀರು ಒರಟು, ಅಸ್ಥಿ ಪುಡಿಯಾಗಿರುತ್ತದೆ. ಡ್ರುಪೆಲ್ಲಾ ಎಂಬ ಸಣ್ಣ ಶಂಖು ಮೇಯ್ದ ಜಾಗಕ್ಕೆ ಸ್ಪಷ್ಟ ಅಂಚಿರುತ್ತದೆ, ಬುಡದ ಸಂದಿಯಲ್ಲಿ ಶಂಖುವೇ ಸಿಗುತ್ತದೆ. ಪೊರೈಟಿಸ್ ಮೇಲಿನ ಗುಲಾಬಿ ಚುಕ್ಕೆ ಗಾಯಕ್ಕೋ ಪರಾವಲಂಬಿಗೋ ಅದು ತೋರುವ ಪ್ರತಿಕ್ರಿಯೆ. ಬಿಸಿಯ ಬಿಳಿಚು ಸಾಮಾನ್ಯವಾಗಿ ಬೆಳಕು ಬೀಳುವ ಮೇಲ್ಮೈಯಿಂದ ಶುರುವಾಗುತ್ತದೆ, ಅಕ್ಕಪಕ್ಕದ ಹಲವು ಜಾತಿಗಳಲ್ಲಿ ಒಟ್ಟಿಗೇ ಕಾಣುತ್ತದೆ.

ಶಿರಸಿ_ಹೊಳೆ (ಶಿರಸಿ)

ಸತ್ತ ಜಾಗದಲ್ಲಿ ಹೊಸ ಹವಳ ನೆಟ್ಟರೆ ಆಗದಾ? ಗುಜರಾತಿನಲ್ಲಿ ಮಾಡಿದ್ದಾರೆ ಅಂತ ಕೇಳಿದ್ದೆ.

ಕೋಡಿಬಾಗ_ಕಡಲು (ಕಾರವಾರ)

ಮಿಥಾಪುರದಲ್ಲಿ ಪ್ರಯತ್ನಗಳಾಗಿವೆ, ಮನ್ನಾರ್ ಕೊಲ್ಲಿಯಲ್ಲೂ ಆಗಿವೆ. ಆದರೆ ನೇತ್ರಾಣಿಗೆ ಈಗಲೇ ಅದು ಬೇಡ ಎಂದು ಗಟ್ಟಿಯಾಗಿ ಹೇಳುತ್ತೇನೆ. ನೆಟ್ಟ ತುಂಡು ಬಂಡೆಗೆ ಕಚ್ಚಿಕೊಳ್ಳಲು ತಿಂಗಳುಗಳು ಬೇಕು, ಅಷ್ಟರಲ್ಲಿ ನಮ್ಮ ಮಳೆಗಾಲದ ಅಲೆ ಬಂದಿರುತ್ತದೆ. ಕಚ್ಚಿದರೂ ಮುಂದಿನ ಬಿಸಿಗೆ ಅದೇ ಗತಿ. ಮೀನುಗಾರಿಕೆಗಾಗಿ ಇಳಿಸುವ ಸಿಮೆಂಟ್ ಕೃತಕ ಬಂಡೆಗಳನ್ನೂ ಇದರ ಜೊತೆ ಕಲಸಬೇಡಿ. ಅವುಗಳ ಕೆಲಸ ಮೀನಿಗೆ ಆಸರೆ ಕೊಡುವುದು.

ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯ (ಐಪಿಸಿಸಿ) 2018ರ ವರದಿಯ ಪ್ರಕಾರ ಭೂಮಿ 1.5 ಡಿಗ್ರಿ ಕಾದರೆ ಉಷ್ಣವಲಯದ ಹವಳದ ಶೇ. 70–90 ನಷ್ಟ, 2 ಡಿಗ್ರಿಗೆ ಶೇ. 99ಕ್ಕೂ ಹೆಚ್ಚು. ಆ ಬಿಸಿಯನ್ನು ತಡೆಯುವುದು ಮುರ್ಡೇಶ್ವರದ ದಂಡೆಯಿಂದ ಸಾಧ್ಯವಿಲ್ಲ. ಆದರೆ ಬಿಸಿ ಇಳಿದ ಮೇಲೆ ಹವಳ ಚೇತರಿಸುತ್ತದೋ ಇಲ್ಲವೋ ಎಂಬುದರಲ್ಲಿ ಲಂಗರು, ಬಲೆ, ಡೈವರ್‌ನ ಕಾಲು, ಗಿಳಿಮೀನಿನ ಸಂಖ್ಯೆ ಇವೆಲ್ಲದರ ಪಾತ್ರವಿದೆ. ಇವು ನಮ್ಮ ಕೈಯಲ್ಲೇ ಇವೆ. ಗಿಳಿಮೀನು ಬಂಡೆಯ ಪಾಚಿ ಕೆರೆದು ತಿಂದರೆ ಮರಿ ಹವಳಕ್ಕೆ ಜಾಗ ಸಿಗುತ್ತದೆ. ಮುರು ಮೀನು, ಕೆಂಬೇರಿಯ ಹಾಗೆ ಅದನ್ನೂ ಗಾಳಕ್ಕೆ, ಈಟಿಗೆ ಕೊಟ್ಟರೆ ಬಂಡೆ ಪಾಚಿಯ ಪಾಲು.

ಎಚ್ಚರಿಕೆ 4 ಡಿಗ್ರಿ-ವಾರ ಮುಟ್ಟಿದ ದಿನದಿಂದ ಆ ಋತು ಮುಗಿಯುವವರೆಗೆ ಹೊಸಬರ ಡೈವಿಂಗನ್ನು ಹವಳ ದಟ್ಟವಾಗಿರುವ ಜಾಗದಿಂದ ಮರಳಿನ ಕಡೆಗೆ ಸರಿಸಿದರೆ ದೊಡ್ಡ ಉಪಕಾರ. ತೇಲುವ ಹಿಡಿತ ಬಾರದವರು ರೆಕ್ಕೆಕಾಲು ಬಡಿದಾಗ ಏಳುವ ಮರಳು ಸೊರಗಿದ ಪಾಲಿಪ್ ಮೇಲೆಯೇ ಕೂರುತ್ತದೆ.

ಭಟ್ಕಳ_ದೋಣಿ (ಮುರ್ಡೇಶ್ವರ)

ಅದು ಮಾಡಬಹುದು. ಲಂಗರಿಗೆ ಏನು ಮಾಡುವುದು? ಬೋಯ್ (ದೋಣಿ ಕಟ್ಟುವ ತೇಲುಗುಂಡು) ಹಾಕಿದರೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ ಅಂತ ಎಲ್ಲರ ಮಾತು.

ದೇವಗಡ_ದೀಪ (ಕಾರವಾರ)

ನಿಲ್ಲದಿರಲು ಕಾರಣ ಸಾಮಾನ್ಯವಾಗಿ ಎರಡು. ಭಾರದ ಸಿಮೆಂಟ್ ಕಟ್ಟೆ ಇಳಿಸಿ ಉದ್ದ ಸರಪಳಿ ಬಿಟ್ಟರೆ, ಇಳಿತದಲ್ಲಿ ಸರಪಳಿ ಸಡಿಲವಾಗಿ ತಳಕ್ಕೆ ಬಿದ್ದು ಸುತ್ತಲಿನ ಹವಳವನ್ನೆಲ್ಲ ಉಜ್ಜುತ್ತದೆ, ತಾನೂ ಸವೆಯುತ್ತದೆ. ಬದಲಿಗೆ ಬರಿ ಬಂಡೆಗೆ ಅನುಮತಿ ಪಡೆದು ಸ್ಟೇನ್‌ಲೆಸ್ ಕಣ್ಣುಬೋಲ್ಟ್ ಕೂರಿಸಿ, ಅಲ್ಲಿಂದ ದಪ್ಪ ಹಗ್ಗ, ಹಗ್ಗದ ನಡುವೆ ಒಂದು ಸಣ್ಣ ತೇಲುಗುಂಡು. ಆ ನಡುಗುಂಡು ಹಗ್ಗವನ್ನು ಸದಾ ಎತ್ತಿ ಹಿಡಿಯುತ್ತದೆ, ತಳಕ್ಕೆ ತಾಗಲು ಬಿಡುವುದಿಲ್ಲ. ಹಗ್ಗದ ಉದ್ದ ಲೆಕ್ಕ ಹಾಕುವಾಗ ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರಕ್ಕೆ ಸುಮಾರು 2 ಮೀಟರ್, ಅದರ ಮೇಲೆ ಅಲೆಯ ಎತ್ತರ ಸೇರಿಸಿ. ಹಗ್ಗ ಬೋಲ್ಟ್‌ಗೆ ಉಜ್ಜುವ ಕಡೆ ತಿಂಬಲ್ (ಕುಣಿಕೆ ಸವೆಯದಂತೆ ಒಳಗೆ ಕೂರುವ ಬಳೆ) ಹಾಕಿ, ಅದರ ಮೇಲೊಂದು ಗಟ್ಟಿ ಪೈಪಿನ ತುಂಡು.

ಎರಡನೆಯ ಕಾರಣ, ಮಳೆಗಾಲದಲ್ಲೂ ಮೇಲಿನ ಬೋಯನ್ನು ಹಾಗೇ ಬಿಡುವುದು. ಮೇ ಕೊನೆಯ ವಾರ ಮೇಲಿನ ಬೋಯ್ ಬಿಚ್ಚಿ ತನ್ನಿ. ನಡುಗುಂಡಿನವರೆಗಿನ ಹಗ್ಗ ನೀರಡಿಯೇ ಇರಲಿ, ಅಲ್ಲಿ ಅಲೆಯ ಎಳೆತ ಕಡಿಮೆ. ಜಿಪಿಎಸ್ ಬಿಂದು ಎರಡು ಕಡೆ ಬರೆದಿಟ್ಟುಕೊಳ್ಳಿ. ಅಕ್ಟೋಬರ್‌ನಲ್ಲಿ ಲಾಗರ್ ಇಳಿಸಲು ಹೋಗುವ ದೋಣಿಯಲ್ಲೇ ಬೋಯ್, ಹೊಸ ಶ್ಯಾಕಲ್ (ಪಿನ್ ಹಾಕುವ ಲೋಹದ ಕೊಂಡಿ), ಅದರ ಪಿನ್ ಬಿಗಿಯಲು ಸ್ಟೇನ್‌ಲೆಸ್ ತಂತಿ ಕೊಂಡೊಯ್ದರೆ ಎರಡೂ ಕೆಲಸ ಒಂದೇ ಸುತ್ತಿನಲ್ಲಿ ಆಗುತ್ತದೆ. ಪಿನ್‌ಗೆ ಪ್ಲಾಸ್ಟಿಕ್ ಟೈ ಬೇಡ, ಅದು ಬಿಸಿಲಿಗೆ ಪುಡಿಯಾಗುತ್ತದೆ.